ಸ್ಪರ್ಮ್ ತಿಮಿಂಗಿಲ: ಶೇಕಡಾ ಒಂದರ ಬಡ್ಡಿಯ ಆಸ್ತಿ

ಕಳೆದ ಕೆಲವು ವರ್ಷಗಳಿಂದ ರಾಜ್ಯದ ದಿನಪತ್ರಿಕೆಗಳಲ್ಲಿ ‘ತಿಮಿಂಗಿಲ ವಾಂತಿ’ ಎಂಬ ವಿಚಿತ್ರ ಸರಕಿನ ಸುದ್ದಿ ಆಗಾಗ ಪ್ರಕಟವಾಗುತ್ತಿದೆ. 2021ರಲ್ಲಿ ಬೆಂಗಳೂರು ನಗರದ ಪೊಲೀಸರು ಒಂದಕ್ಕಿಂತ ಹೆಚ್ಚು ಬಾರಿ ಇದನ್ನು ವಶಪಡಿಸಿಕೊಂಡರು. ಅನಂತರ ಮಂಗಳೂರು ಹಾಗೂ ಕೊಡಗಿನಿಂದಲೂ ಅಂಥವೇ ವರದಿಗಳು ಬಂದವು. ಪ್ರತಿ ಸಲವೂ ಓದುಗರ ಕಣ್ಣಿಗೆ ಮೊದಲು ಬೀಳುವುದು ಬೆಲೆ. ಒಂದು ಕಿಲೋಗ್ರಾಮಿಗೆ ಸರಿಸುಮಾರು ಒಂದು ಕೋಟಿ ರೂಪಾಯಿ ಎಂದು ಬರೆಯಲಾಗುತ್ತದೆ. ಅಡಿಕೆ, ಕೊಬ್ಬರಿ, ಕಾಳುಕಡಿಗಳ ಧಾರಣೆಯನ್ನು ದಿನವೂ ವಿಚಾರಿಸುವ ಬೀರೂರು, ಕಡೂರು, ತರೀಕೆರೆ ಭಾಗದ ವರ್ತಕರಿಗೆ ಇಂಥ ಅಂಕಿ ಕುತೂಹಲ ಹುಟ್ಟಿಸುವುದು ಸಹಜ. ಆದರೆ ಸರಕಿನ ಬೆಲೆ ತಿಳಿದಷ್ಟು ಸುಲಭವಾಗಿ ಆ ಸರಕನ್ನು ಕೊಡುವ ಪ್ರಾಣಿಯ ಸ್ಥಿತಿ ತಿಳಿಯುವುದಿಲ್ಲ. ಎಷ್ಟಿವೆ, ಎಷ್ಟು ಹುಟ್ಟುತ್ತವೆ, ಎಷ್ಟು ಸಾಯುತ್ತವೆ ಎಂಬ ಈ ಲೆಕ್ಕ ಜೀವಶಾಸ್ತ್ರದ್ದಾದರೂ ಅದರ ರೀತಿ ಅಂಗಡಿಯ ಖಾತೆಪುಸ್ತಕದ್ದೇ ಆಗಿದೆ.

ಈ ಪದಾರ್ಥದ ಸರಿಯಾದ ಹೆಸರು ಅಂಬರ್‌ಗ್ರಿಸ್. ಇದು ವಾಂತಿಯಲ್ಲವೆಂಬುದೇ ಹೆಚ್ಚಿನ ತಜ್ಞರ ಅಭಿಪ್ರಾಯ. ಸ್ಪರ್ಮ್ ತಿಮಿಂಗಿಲದ ಮುಖ್ಯ ಆಹಾರ ಸ್ಕ್ವಿಡ್; ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಯ ಆಳಸಮುದ್ರದ ಬಂಧುಗಳು. ಸ್ಕ್ವಿಡ್ಡಿನ ಕೊಕ್ಕಿನಂಥ ಗಟ್ಟಿ ಬಾಯಿ ಜೀರ್ಣವಾಗುವುದಿಲ್ಲ. ಅವುಗಳನ್ನು ತಿಮಿಂಗಿಲ ಸಾಮಾನ್ಯವಾಗಿ ಕಾರಿಕೊಳ್ಳುತ್ತದೆ. ಅಪರೂಪಕ್ಕೆ ಕೆಲವು ಕರುಳಿಗೆ ಇಳಿದು ಅಲ್ಲಿ ಕೆರಳಿಕೆ ಉಂಟುಮಾಡಿದಾಗ, ಅವುಗಳ ಸುತ್ತ ಮೇಣದಂಥ ವಸ್ತು ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ನೂರು ತಿಮಿಂಗಿಲಗಳಲ್ಲಿ ಒಂದೆರಡರಲ್ಲಿ ಮಾತ್ರ ಇದು ಕಂಡುಬರುತ್ತದೆಂದು ಅಂದಾಜು. ಅದು ಮಲದೊಂದಿಗೆ ಹೊರಬಿದ್ದು, ಅಥವಾ ಪ್ರಾಣಿ ಸತ್ತ ಮೇಲೆ ಬಿಡುಗಡೆಯಾಗಿ, ಉಪ್ಪುನೀರು, ಬಿಸಿಲು, ಗಾಳಿಗಳಲ್ಲಿ ವರ್ಷಗಟ್ಟಲೆ ತೇಲಿದ ಮೇಲೆ ಸುಗಂಧ ಪಡೆಯುತ್ತದೆ. ಅರಬರು ಶತಮಾನಗಳಿಂದ ಅರಬ್ಬಿ ಸಮುದ್ರದಲ್ಲಿ ಇದರ ವ್ಯಾಪಾರ ನಡೆಸಿದವರು. ‘ಅಂಬರ್’ ಎಂಬ ಮಾತೂ ಅವರ ಭಾಷೆಯದೇ.

ತಿಮಿಂಗಿಲದ ಜೀವನಕ್ರಮ

ಹಲ್ಲುಳ್ಳ ತಿಮಿಂಗಿಲಗಳಲ್ಲಿ ಇದೇ ಅತಿ ದೊಡ್ಡದು. ಬಲಿತ ಗಂಡು ಸುಮಾರು 16 ಮೀಟರ್ ಉದ್ದ, 45 ಟನ್ ತೂಕ ಇರುತ್ತದೆ. ಹೆಣ್ಣು 11 ಮೀಟರ್, 15 ಟನ್ ಆಸುಪಾಸು. ಸಾವಿರ ಮೀಟರ್ ಆಳಕ್ಕೂ ಕೆಳಗೆ ಇಳಿದು ಮುಕ್ಕಾಲು ಗಂಟೆ ಉಸಿರು ಹಿಡಿದು ಬೇಟೆಯಾಡುವುದು ಇದರ ನಿತ್ಯದ ಕೆಲಸ. ಈ ಕಾರಣದಿಂದ ಅದು ತೀರದ ಬಳಿ ಕಾಣಸಿಗದು. ಕರ್ನಾಟಕದ ಕರಾವಳಿಯಿಂದ ಬಹುದೂರದವರೆಗೆ ಕಡಲು ಆಳವಿಲ್ಲ. ಆ ಅಂಚು ದಾಟಿ ಲಕ್ಷದ್ವೀಪದ ಕಡೆಗಿನ ಆಳನೀರಿನಲ್ಲಿ ಇದರ ವಾಸ. ಹೆಸರಿನ ಕಥೆ ಸ್ವಲ್ಪ ಮುಜುಗರದ್ದು. ತಲೆಯೊಳಗಿನ ಬಿಳಿಯ ಎಣ್ಣೆಯನ್ನು ಹಿಂದಿನ ನಾವಿಕರು ವೀರ್ಯವೆಂದು ತಪ್ಪಾಗಿ ಭಾವಿಸಿದ್ದರಿಂದ ಬಂದ ಹೆಸರು ಹಾಗೇ ಉಳಿದುಬಿಟ್ಟಿತು.

ಇನ್ನು ಸಂತಾನದ ಲೆಕ್ಕ. ಹೆಣ್ಣು ಮೊದಲ ಮರಿ ಹಾಕುವುದು ಸುಮಾರು ಹತ್ತನೆಯ ವಯಸ್ಸಿನಲ್ಲಿ. ಗರ್ಭಾವಧಿ 14ರಿಂದ 16 ತಿಂಗಳು. ಹುಟ್ಟುವುದು ಒಂದೇ ಮರಿ. ಅದಕ್ಕೆ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಾಲೂಡಿಸಬೇಕು. ಎರಡು ಮರಿಗಳ ನಡುವಿನ ಅಂತರ ನಾಲ್ಕರಿಂದ ಆರು ವರ್ಷ. ತಾಯಿಗೆ ವಯಸ್ಸಾದಂತೆ ಅದೂ ಹಿಗ್ಗುತ್ತದೆ. ಗಂಡಿನ ವಿಷಯ ಇನ್ನೂ ನಿಧಾನ. ಶಾರೀರಿಕವಾಗಿ ಮೊದಲೇ ಪ್ರಬುದ್ಧವಾದರೂ, ಹೆಣ್ಣುಗಳ ಗುಂಪಿಗೆ ಬಂದು ಸಂತಾನೋತ್ಪತ್ತಿಯಲ್ಲಿ ತೊಡಗುವಷ್ಟು ಗಾತ್ರ ಮತ್ತು ಬಲ ಬರುವುದು ಇಪ್ಪತ್ತೈದು ದಾಟಿದ ಮೇಲೆ. ಆಯುಷ್ಯ ಎಪ್ಪತ್ತರ ಸುಮಾರು.

ಬೀರೂರು, ಅಜ್ಜಂಪುರದ ಕಾವಲುಗಳಲ್ಲಿ ಮೇಯುವ ಅಮೃತಮಹಲ್ ರಾಸುಗಳನ್ನು ಬಲ್ಲವರಿಗೆ ಹೋಲಿಕೆ ಸುಲಭ. ಅಮೃತಮಹಲ್ ಹಸು ಹಾಲಿಗೂ ಬೇಗ ಕರು ಹಾಕುವುದಕ್ಕೂ ಹೆಸರಾದುದಲ್ಲ. ಆದರೂ ನಾಲ್ಕನೆಯ ವಯಸ್ಸಿನ ಆಸುಪಾಸಿನಲ್ಲಿ ಮೊದಲ ಕರು ಹಾಕಿ, ಮುಂದೆ ಒಂದೂವರೆ ವರ್ಷಕ್ಕೊಂದರಂತೆ ಈಯುತ್ತದೆ. ತಿಮಿಂಗಿಲ ತನ್ನ ಎರಡನೆಯ ಮರಿ ಹಾಕುವ ವಯಸ್ಸಿಗೆ ಈ ಹಸುವಿನ ಮೊಮ್ಮಕ್ಕಳೂ ಈದಿರುತ್ತವೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದುಬಂದ ಈ ಸರ್ಕಾರಿ ಹಿಂಡನ್ನು 1860ರಲ್ಲಿ ವೆಚ್ಚದ ನೆಪ ಹೇಳಿ ಮಾರಿ ಚದುರಿಸಲಾಗಿತ್ತು. ಫಿರಂಗಿ ಎಳೆಯುವ ಎತ್ತುಗಳಿಗೆ ತತ್ವಾರ ಬಂದಾಗ ತಪ್ಪಿನ ಅರಿವಾಗಿ, 1866ರಲ್ಲಿ ಹಳೆಯ ತಳಿಯ ರಾಸುಗಳನ್ನು ಹುಡುಕಿ ಕೂಡಿಸಿ ಹಿಂಡನ್ನು ಮತ್ತೆ ಕಟ್ಟಲಾಯಿತು. ಆರು ವರ್ಷದಲ್ಲಿ ಆದ ನಷ್ಟ ರೈತರ ಕೊಟ್ಟಿಗೆಗಳಲ್ಲಿ ಉಳಿದಿದ್ದ ರಾಸುಗಳಿಂದ ಭರ್ತಿಯಾಗಲು ಸಾಧ್ಯವಾಯಿತು. ಕಡಲಿನ ಹಿಂಡಿಗೆ ಅಂಥ ಕೊಟ್ಟಿಗೆ ಯಾವುದೂ ಇಲ್ಲ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಸಾವಿರ ಸ್ಪರ್ಮ್ ತಿಮಿಂಗಿಲಗಳಿವೆ ಎಂದು ಭಾವಿಸೋಣ. ಅವುಗಳಲ್ಲಿ ಮರಿ ಹಾಕುವ ವಯಸ್ಸಿನ ಹೆಣ್ಣು ಮುನ್ನೂರು, ಅಂತರ ಸರಾಸರಿ ಐದು ವರ್ಷ ಎಂದಾದರೆ ವರ್ಷಕ್ಕೆ ಅರವತ್ತು ಮರಿಗಳು ಹುಟ್ಟುತ್ತವೆ. ಮುಪ್ಪು, ರೋಗ, ಓರ್ಕಾ ತಿಮಿಂಗಿಲಗಳ ದಾಳಿ, ಎಳೆಯ ಮರಿಗಳ ಸಾವು ಎಲ್ಲವನ್ನೂ ಕಳೆದರೆ ಕೈಗೆ ಉಳಿಯುವುದು ಹತ್ತು ಹನ್ನೊಂದು. ತಜ್ಞರು ಈ ಪ್ರಾಣಿಯ ಗರಿಷ್ಠ ವಾರ್ಷಿಕ ಬೆಳವಣಿಗೆಯನ್ನು ಶೇಕಡಾ 1.1ರ ಆಸುಪಾಸು ಎಂದು ಅಂದಾಜಿಸಿದ್ದಾರೆ. ಎಲ್ಲವೂ ಅನುಕೂಲವಾಗಿದ್ದಾಗಿನ ಮಾತು ಇದು. ಚಕ್ರಬಡ್ಡಿಯ ರೀತ್ಯಾ ಲೆಕ್ಕ ಹಾಕಿದರೆ ಸಂಖ್ಯೆ ಇಮ್ಮಡಿಯಾಗಲು ಅರವತ್ತಮೂರು ವರ್ಷಕ್ಕೂ ಮೇಲೆ ಬೇಕು. ಆ ಸಾವಿರದಲ್ಲಿ ವರ್ಷಕ್ಕೆ ಹದಿನೈದು ಹೆಚ್ಚುವರಿ ಸಾವು ಸಂಭವಿಸಿದರೂ ಬೆಳೆಯಬೇಕಾದ ಸಂಖ್ಯೆ ಇಳಿಯಲು ಆರಂಭಿಸುತ್ತದೆ; ಇಳಿತವು ಮೊದಲ ಹತ್ತು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಣ್ಣೆಯ ಕಾಲ

ಮನುಷ್ಯ ಈ ಪ್ರಾಣಿಯನ್ನು ಬೆನ್ನಟ್ಟಿದ್ದು ಮಾಂಸಕ್ಕಾಗಿ ಅಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಉತ್ತರ ಅಮೆರಿಕದ ನಾಂಟುಕೆಟ್ ದ್ವೀಪದವರು ಆರಂಭಿಸಿದ ಬೇಟೆ, ನೂರೈವತ್ತು ವರ್ಷ ಜಗತ್ತಿನ ದೀಪಗಳಿಗೆ ಎಣ್ಣೆ ಒದಗಿಸಿತು. ತಲೆಯ ಮೇಣದಿಂದ ಮಾಡಿದ ಬತ್ತಿಗಳು ಹೊಗೆಯಿಲ್ಲದೆ ಉರಿಯುತ್ತಿದ್ದವು. ಯಂತ್ರಯುಗ ಬಂದಂತೆ ಇನ್ನೊಂದು ಗುಣ ಬೆಳಕಿಗೆ ಬಂತು. ಸ್ಪರ್ಮ್ ಎಣ್ಣೆ ರಾಸಾಯನಿಕವಾಗಿ ಕೊಬ್ಬಲ್ಲ, ದ್ರವರೂಪದ ಮೇಣ. ಆದುದರಿಂದ ಬಿಸಿಗೂ ಚಳಿಗೂ ಅದರ ಜಿಗುಟು ಹೆಚ್ಚು ಬದಲಾಗುತ್ತಿರಲಿಲ್ಲ. ನೂಲುವ ಯಂತ್ರದ ಕದಿರುಗಳಿಂದ ಕೈಗಡಿಯಾರದವರೆಗೆ, ಚರ್ಮ ಹದ ಮಾಡುವುದರಿಂದ ಮೋಟಾರು ವಾಹನಗಳ ಸ್ವಯಂಚಾಲಿತ ಗೇರಿನವರೆಗೆ ಅದಕ್ಕೆ ಬೇಡಿಕೆ ಇತ್ತು. ಅಮೆರಿಕದ ಕಾರು ತಯಾರಕರು 1970ರ ದಶಕದ ಆರಂಭದವರೆಗೂ ಅದನ್ನು ಬಳಸಿದರು.

1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕೊರೆದ ಬಾವಿಯಿಂದ ಪೆಟ್ರೋಲಿಯಂ ದೊರೆತು ಸೀಮೆಎಣ್ಣೆ ಮಾರುಕಟ್ಟೆಗೆ ಬಂದಾಗ ತಿಮಿಂಗಿಲಗಳು ಬದುಕಿಕೊಂಡವೆಂದು ಹೇಳುವ ವಾಡಿಕೆ ಇದೆ. ಇದು ಅರ್ಧಸತ್ಯ. ದೀಪದ ಬೇಡಿಕೆ ಕುಸಿದದ್ದು ನಿಜ. ಆದರೆ ಅದೇ ಪೆಟ್ರೋಲಿಯಂ ಮುಂದೆ ವೇಗದ ಬೇಟೆಹಡಗುಗಳಿಗೆ ಇಂಧನವಾಯಿತು. ತುದಿಯಲ್ಲಿ ಸಿಡಿಮದ್ದುಳ್ಳ ಈಟಿಗಳನ್ನು ಹಾರಿಸುವ ತೋಪುಗಳು ಆ ಹಡಗುಗಳಲ್ಲಿದ್ದವು. ತೆರೆದ ದೋಣಿಯಲ್ಲಿ ಹುಟ್ಟು ಹಾಕುತ್ತ ಕೈಯಿಂದ ಈಟಿ ಎಸೆಯುತ್ತಿದ್ದ ಕಾಲಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೊಲ್ಲಲಾದ ಸ್ಪರ್ಮ್ ತಿಮಿಂಗಿಲಗಳು ಏಳೂವರೆ ಲಕ್ಷಕ್ಕೂ ಹೆಚ್ಚು. 1964ರ ಒಂದೇ ವರ್ಷದಲ್ಲಿ ಸುಮಾರು 29,000. ಆಗ ಜಗತ್ತಿನಲ್ಲಿ ಹದಿನೈದು ಲಕ್ಷ ಇದ್ದವೆಂದು ಉದಾರವಾಗಿ ಒಪ್ಪಿದರೂ ವರ್ಷದ ‘ಬಡ್ಡಿ’ ಹದಿನಾರು ಸಾವಿರದ ಐನೂರು ಮಾತ್ರ. ಉಳಿದದ್ದೆಲ್ಲ ಅಸಲಿನಿಂದ ತೆಗೆದದ್ದು.

ಈ ಲೆಕ್ಕವೂ ಪೂರ್ತಿ ಪ್ರಾಮಾಣಿಕವಾಗಿರಲಿಲ್ಲ. ಸೋವಿಯತ್ ಒಕ್ಕೂಟದ ಬೇಟೆಹಡಗುಗಳು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗಕ್ಕೆ ಒಂದು ಲೆಕ್ಕ ಕೊಟ್ಟು, ಒಳಗೆ ಇನ್ನೊಂದು ಲೆಕ್ಕ ಇಟ್ಟಿದ್ದ ಸಂಗತಿ 1990ರ ದಶಕದಲ್ಲಿ ರಷ್ಯದ ವಿಜ್ಞಾನಿಗಳಿಂದಲೇ ಹೊರಬಂತು. 1960ರ ದಶಕದಲ್ಲಿ ಆ ಹಡಗುಗಳು ಅರಬ್ಬಿ ಸಮುದ್ರಕ್ಕೂ ಬಂದು ಗುಟ್ಟಾಗಿ ಬೇಟೆಯಾಡಿದ್ದವು. ಎರಡು ಖಾತೆಪುಸ್ತಕ ಇಡುವವರಿಂದ ತೆರಿಗೆ ಇಲಾಖೆಗೆ ಆಗುವ ನಷ್ಟವನ್ನು ತುಂಬಿಸಿಕೊಳ್ಳಬಹುದು. ಇಲ್ಲಿ ಆ ಸುಳ್ಳು ಅಂಕಿಗಳನ್ನೇ ನಂಬಿ ಮುಂದಿನ ವರ್ಷದ ಬೇಟೆಯ ಪರಿಮಾಣವನ್ನು ನಿಗದಿಪಡಿಸಲಾಗುತ್ತಿತ್ತು.

ಲಾಭದ ತರ್ಕ ಎಡವುವ ಜಾಗ

ಜಾಣ ಮಾಲೀಕ ತನ್ನ ಆದಾಯದ ಮೂಲವನ್ನು ತಾನೇ ಕೆಡಿಸಿಕೊಳ್ಳುವುದಿಲ್ಲ, ಆದ್ದರಿಂದ ವ್ಯಾಪಾರಕ್ಕೆ ಬಿಟ್ಟರೆ ತಿಮಿಂಗಿಲವೂ ಉಳಿದೀತು ಎಂಬ ವಾದವೊಂದಿದೆ. ತೆಂಗಿನ ತೋಟದ ವಿಷಯದಲ್ಲಿ ಇದು ಸರಿ. ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ ಎಂಬುವರು 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಾದ ಎಲ್ಲಿ ಮುರಿಯುತ್ತದೆಂದು ತೋರಿಸಿದರು. ಅವರ ಗಣಿತವನ್ನು ಬದಿಗಿಟ್ಟು ರೂಪಾಯಿಯಲ್ಲಿ ಹೇಳಬಹುದು.

ಸಾವಿರ ತಿಮಿಂಗಿಲಗಳ ಹಿಂಡೊಂದು ಒಬ್ಬನೇ ಮಾಲೀಕನದು, ಒಂದೊಂದರ ಬೆಲೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಹಿಂಡಿನ ಒಟ್ಟು ಮೌಲ್ಯ ಹತ್ತು ಕೋಟಿ. ಅಸಲು ಮುಟ್ಟದೆ ವರ್ಷಕ್ಕೆ ಹನ್ನೊಂದನ್ನು ಮಾತ್ರ ಹಿಡಿದರೆ ಆದಾಯ ಹನ್ನೊಂದು ಲಕ್ಷ. ಅದೇ ಸಾವಿರವನ್ನೂ ಕೊಂದು ಮಾರಿ ಹತ್ತು ಕೋಟಿಯನ್ನು ಶೇಕಡಾ ಏಳರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟರೆ ವರ್ಷಕ್ಕೆ ಎಪ್ಪತ್ತು ಲಕ್ಷ ಬರುತ್ತದೆ. ಪ್ರಾಣಿಯ ಬೆಳವಣಿಗೆಯ ದರ ಬ್ಯಾಂಕಿನ ಬಡ್ಡಿದರಕ್ಕಿಂತ ಬಹಳ ಕೆಳಗಿದ್ದರೆ, ಅದನ್ನು ಉಳಿಸುವುದಕ್ಕಿಂತ ಮುಗಿಸುವುದೇ ಲಾಭ. ಮಾಲೀಕ ದುರಾಸೆಯವನಾಗಿರಬೇಕೆಂದೇನೂ ಇಲ್ಲ; ಲೆಕ್ಕ ಬಲ್ಲವನಾಗಿದ್ದರೆ ಸಾಕು. ಕಡಲಿನಲ್ಲಿ ಮಾಲೀಕನೇ ಇಲ್ಲದಿದ್ದುದರಿಂದ ಪರಿಸ್ಥಿತಿ ಇನ್ನಷ್ಟು ಹದಗೆಟ್ಟಿತೆಂಬುದು ಬೇರೆ ಮಾತು.

ಪ್ರಾಣಿ ವಿರಳವಾದಂತೆ ಹುಡುಕುವ ಖರ್ಚು ಏರಿ ಬೇಟೆ ತಾನಾಗಿ ನಿಲ್ಲುವುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಒಂದೇ ಜಾತಿಯ ಮೇಲೆ ನಿಂತ ವ್ಯಾಪಾರವಾದರೆ ಹಾಗೆ ಆಗಬಹುದು. ಆದರೆ ಹಡಗು ಹೊರಟ ಮೇಲೆ ಸಿಕ್ಕ ಫಿನ್, ಸೇ, ಸ್ಪರ್ಮ್ ಎಲ್ಲವನ್ನೂ ಹಿಡಿಯುತ್ತಿತ್ತು. ಒಂದರ ಖರ್ಚನ್ನು ಇನ್ನೊಂದು ಭರಿಸುತ್ತಿದ್ದುದರಿಂದ ವಿರಳವಾದ ಜಾತಿಗೂ ಬಿಡುವು ಸಿಗಲಿಲ್ಲ. ಈ ಕಾರಣದಿಂದಲೇ ನಿಷೇಧವೆಂಬ ಹೊರಗಿನ ಕಟ್ಟುಪಾಡು ಅನಿವಾರ್ಯವಾಯಿತು. 1979ರಲ್ಲಿ ಸೆಷಲ್ಸ್ ದೇಶದ ಪ್ರಸ್ತಾಪದಂತೆ ಹಿಂದೂ ಮಹಾಸಾಗರ, ಅರಬ್ಬಿ ಸಮುದ್ರವೂ ಸೇರಿ, ತಿಮಿಂಗಿಲಗಳ ರಕ್ಷಿತ ವಲಯವೆಂದು ಘೋಷಿತವಾಯಿತು. 1981ರಲ್ಲಿ ಭಾರತ ಆಯೋಗದ ಸದಸ್ಯರಾಷ್ಟ್ರವಾಯಿತು. 1982ರಲ್ಲಿ ಆಯೋಗ ವಾಣಿಜ್ಯ ಬೇಟೆಯನ್ನೇ ತಡೆಯಲು ನಿರ್ಧರಿಸಿತು. 1986ರ ವೇಳೆಗೆ ಅದು ಜಾರಿಗೆ ಬಂತು. ಸ್ಪರ್ಮ್ ಎಣ್ಣೆಯ ಸ್ಥಾನಕ್ಕೆ ಅಷ್ಟರಲ್ಲಿ ಕೃತಕ ಎಣ್ಣೆಗಳೂ, ಈಗ ರಾಜಸ್ಥಾನದಲ್ಲಿಯೂ ಬೆಳೆಯುವ ಜೊಜೊಬ ಎಂಬ ಮರುಭೂಮಿ ಗಿಡದ ಎಣ್ಣೆಯೂ ಬಂದಿದ್ದವು. ಅನಿವಾರ್ಯವೆಂದು ಉದ್ಯಮ ಸಾಧಿಸುತ್ತಿದ್ದ ಕಚ್ಚಾವಸ್ತುವಿಲ್ಲದೆ ಯಾವ ಕಾರ್ಖಾನೆಯೂ ಬಾಗಿಲು ಮುಚ್ಚಲಿಲ್ಲ.

ಸಂಖ್ಯೆಯಲ್ಲಿ ಕಾಣದ ನಷ್ಟ

ಬೇಟೆ ನಿಂತ ಕೂಡಲೇ ಸಂಖ್ಯೆ ಏರಬೇಕಿತ್ತು. ಎಲ್ಲ ಕಡೆಯೂ ಹಾಗಾಗಲಿಲ್ಲ. ಪೆರು ದೇಶದ ಕಡಲಿನಲ್ಲಿ ಬೇಟೆ 1981ರಲ್ಲಿ ನಿಂತಿತು. ಅನಂತರದ ವರ್ಷಗಳಲ್ಲಿ ಸಮೀಪದ ಗಲಾಪಗೋಸ್ ದ್ವೀಪಗಳ ಬಳಿ ಹೆಣ್ಣುಗಳ ಗುಂಪುಗಳಿದ್ದರೂ ಮರಿಗಳು ತೀರಾ ಕಡಿಮೆ ಕಂಡವು. ಬೇಟೆಗಾರರು ಹೆಚ್ಚು ಎಣ್ಣೆ ಕೊಡುವ ದೊಡ್ಡ ಗಂಡುಗಳನ್ನೇ ಆರಿಸಿ ಕೊಂದಿದ್ದರು. ಅವುಗಳ ಸ್ಥಾನ ತುಂಬುವ ಗಂಡು ಬಲಿಯಲು ಕಾಲು ಶತಮಾನ ಬೇಕು. ಹೋರಿಯಿಲ್ಲದ ಹಿಂಡಿನಲ್ಲಿ ಹಸುಗಳ ಎಣಿಕೆಯಿಂದ ಏನೂ ತಿಳಿಯದು.

ಸ್ಪರ್ಮ್ ತಿಮಿಂಗಿಲದ ಸಂಸಾರ ತಾಯಿ ಕಡೆಯದು. ಅಜ್ಜಿ, ತಾಯಿ, ಮಗಳು, ಚಿಕ್ಕಮ್ಮ ಹೀಗೆ ಹತ್ತು ಹನ್ನೆರಡರ ಗುಂಪು ಜೀವನಪರ್ಯಂತ ಕೂಡಿರುತ್ತದೆ. ತಾಯಿ ಆಳಕ್ಕೆ ಇಳಿದಾಗ ಅಷ್ಟು ಆಳ ಇಳಿಯಲಾರದ ಮರಿಯನ್ನು ಮೇಲೆ ಉಳಿದವರು ಕಾಯುತ್ತಾರೆ. ಪ್ರತಿ ಕುಲಕ್ಕೂ ತನ್ನದೇ ಟಿಕ್ ಟಿಕ್ ಸದ್ದಿನ ಮಾದರಿ ಇದೆ. ಮರಿಗಳು ಅದನ್ನು ಹಿರಿಯರಿಂದ ಕಲಿಯುತ್ತವೆ. ಗುಂಪಿನ ಒಂದೆರಡು ಹಿರಿಯ ಹೆಣ್ಣುಗಳು ಸತ್ತರೆ ಅವು ಮುಂದೆ ಹಾಕಬಹುದಾಗಿದ್ದ ಮರಿಗಳಷ್ಟೇ ಹೋಗುವುದಿಲ್ಲ, ಉಳಿದ ಮರಿಗಳ ಕಾವಲೂ ಹೋಗುತ್ತದೆ. ಓರ್ಕಾಗಳು ಮೇಲೆರಗಿದಾಗ ಇವು ಮರಿಗಳನ್ನು ನಡುವೆ ಇಟ್ಟು ತಲೆ ಒಳಗೆ, ಬಾಲ ಹೊರಗೆ ಮಾಡಿ ವೃತ್ತಾಕಾರವಾಗಿ ನಿಲ್ಲುತ್ತವೆ. ಹಲ್ಲಿನ ಶತ್ರುವಿನ ವಿರುದ್ಧ ಒಳ್ಳೆಯ ಉಪಾಯ. ಈಟಿಯ ಮುಂದೆ ಅದೇ ಅವುಗಳಿಗೆ ಮೃತ್ಯುವಾಯಿತು. ಆದರೆ ಇವು ಪಾಠ ಕಲಿಯುತ್ತಿದ್ದವು ಎಂಬುದಕ್ಕೂ ಆಧಾರವಿದೆ. ಹತ್ತೊಂಬತ್ತನೆಯ ಶತಮಾನದ ಹಡಗುಗಳ ದಿನಚರಿ ಪುಸ್ತಕಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉತ್ತರ ಪೆಸಿಫಿಕ್‌ನ ಹೊಸ ಪ್ರದೇಶಗಳಲ್ಲಿ ಬೇಟೆ ಆರಂಭವಾದ ಕೆಲವೇ ವರ್ಷಗಳಲ್ಲಿ ಈಟಿ ತಗುಲುವ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿದಿತ್ತು.

ಈಗ ಎಷ್ಟಿವೆ? ಆಳದಲ್ಲಿ ಬಹುಪಾಲು ಕಾಲ ಕಳೆಯುವ ಪ್ರಾಣಿಯನ್ನು ಎಣಿಸುವುದು ಸುಲಭವಲ್ಲ. ಹ್ಯಾಲ್ ವೈಟ್‌ಹೆಡ್ ಎಂಬ ವಿಜ್ಞಾನಿ 2002ರಲ್ಲಿ ಜಗತ್ತಿನ ಒಟ್ಟು ಸಂಖ್ಯೆಯನ್ನು 3.6 ಲಕ್ಷ ಎಂದು ಅಂದಾಜಿಸಿದ್ದರು. ಶ್ರೀಲಂಕಾದ ಟ್ರಿಂಕೋಮಲಿ ಬಳಿ 1980ರ ದಶಕದ ಆರಂಭದಲ್ಲಿ ಈ ಪ್ರಾಣಿಯನ್ನು ಅಭ್ಯಸಿಸಿದವರಲ್ಲಿ ಅವರೂ ಒಬ್ಬರು. 2022ರಲ್ಲಿ ಅವರೇ ಇನ್ನೊಬ್ಬರೊಡನೆ ಹೊಸ ಸಮೀಕ್ಷೆಗಳ ಆಧಾರದಿಂದ ಅದನ್ನು ಸುಮಾರು 8.45 ಲಕ್ಷಕ್ಕೆ ತಿದ್ದಿದರು. ಸಂಖ್ಯೆ ಇಮ್ಮಡಿಸಿತೆಂದು ಇದನ್ನು ಓದುವುದು ತಪ್ಪು. ದಾಸ್ತಾನು ಎಣಿಸುವ ವಿಧಾನ ಸುಧಾರಿಸಿತು, ಅಷ್ಟೇ. ಬೇಟೆಗೆ ಮುಂಚಿನ ಸಂಖ್ಯೆಯ ಅಂದಾಜೂ 11 ಲಕ್ಷದಿಂದ ಸುಮಾರು 19.5 ಲಕ್ಷಕ್ಕೆ ಏರಿತು. ಎಂದರೆ ಉಳಿದಿರುವುದು ಇಂದಿಗೂ ಅರ್ಧಕ್ಕಿಂತ ಕಡಿಮೆ. ನಿಷೇಧ ಜಾರಿಗೆ ಬಂದ 1986ರಲ್ಲಿ ಹುಟ್ಟಿದ ಹೆಣ್ಣುಮರಿಗೆ ಈಗ ನಲವತ್ತರ ಆಸುಪಾಸು. ಅದು ಹಾಕಿರಬಹುದಾದ ಮರಿಗಳು ಹೆಚ್ಚೆಂದರೆ ಆರೋ ಏಳೋ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಜಾತಿ ‘ಅಪಾಯಕ್ಕೆ ಸುಲಭವಾಗಿ ಈಡಾಗುವ’ ವರ್ಗದಲ್ಲಿದೆ. ಮೆಡಿಟರೇನಿಯನ್ ಸಮುದ್ರದ ಗುಂಪು ಅದಕ್ಕಿಂತ ಗಂಭೀರವಾದ ‘ಅಳಿವಿನಂಚಿನ’ ವರ್ಗದಲ್ಲಿದೆ.

ಈಗಿನ ಸಾವುಗಳಿಗೆ ಬೇಟೆಗಾರ ಕಾರಣನಲ್ಲ. ಸರಕು ಹಡಗುಗಳ ಡಿಕ್ಕಿ, ಮೀನುಬಲೆಗಳು, ಸಮುದ್ರದೊಳಗಿನ ಗದ್ದಲ, ಪ್ಲಾಸ್ಟಿಕ್. 2018ರಲ್ಲಿ ಸ್ಪೇನಿನ ಮುರ್ಸಿಯಾ ತೀರದಲ್ಲಿ ಸತ್ತು ಬಿದ್ದ ಒಂದರ ಹೊಟ್ಟೆಯಲ್ಲಿ 29 ಕಿಲೋಗ್ರಾಂ ಪ್ಲಾಸ್ಟಿಕ್ ಕಸ ದೊರೆಯಿತು. ಅದೇ ವರ್ಷ ಇಂಡೋನೇಷ್ಯದಲ್ಲಿ ಇನ್ನೊಂದರೊಳಗೆ ನೂರಕ್ಕೂ ಹೆಚ್ಚು ಲೋಟಗಳು, ಚೀಲಗಳು, ಹವಾಯಿ ಚಪ್ಪಲಿ. ಪ್ಲಾಸ್ಟಿಕ್ ತಯಾರಿಸುವ ಸಣ್ಣ ಘಟಕಗಳವರು ಈ ಪಟ್ಟಿಯನ್ನು ಓದಿದರೆ ಸರಕನ್ನು ಗುರುತಿಸಬಲ್ಲರು. ಇವುಗಳಲ್ಲಿ ಒಂದೊಂದೂ ಕೆಲವೇ ಪ್ರಾಣಿಗಳನ್ನು ಕೊಲ್ಲಬಹುದು. ಆದರೆ ಶೇಕಡಾ ಒಂದರ ಬಡ್ಡಿಯಲ್ಲಿ ಕೆಲವೇ ಎಂಬುದಕ್ಕೂ ಜಾಗವಿಲ್ಲ. ಕೆರಿಬಿಯನ್ ಸಮುದ್ರದ ಡೊಮಿನಿಕಾ ಬಳಿಯ ಗುಂಪುಗಳನ್ನು ಒಂದೊಂದಾಗಿ ಗುರುತಿಟ್ಟು ನೋಡಿದ ಸಂಶೋಧಕರು, ಬೇಟೆಯೇ ಇಲ್ಲದ ಅಲ್ಲಿ ಸಂಖ್ಯೆ ಇಳಿಯುತ್ತಿರುವುದನ್ನು 2016ರಲ್ಲಿ ವರದಿ ಮಾಡಿದರು. ಆ ಪುಟ್ಟ ದೇಶ 2023ರಲ್ಲಿ ಸುಮಾರು 800 ಚದರ ಕಿಲೋಮೀಟರ್ ಕಡಲನ್ನು ಸ್ಪರ್ಮ್ ತಿಮಿಂಗಿಲಗಳಿಗೆಂದೇ ಮೀಸಲಿಡುವುದಾಗಿ ಪ್ರಕಟಿಸಿತು. ಗ್ರೀಸ್ ದೇಶದ ಪಶ್ಚಿಮದ ಆಳನೀರಿನಲ್ಲಿ ಡಿಕ್ಕಿ ತಪ್ಪಿಸಲು ಒಂದು ದೊಡ್ಡ ಹಡಗು ಸಂಸ್ಥೆ 2022ರಲ್ಲಿ ತನ್ನ ಮಾರ್ಗವನ್ನೇ ಬದಲಿಸಿತು.

ಅಂಬರ್‌ಗ್ರಿಸ್ ಮತ್ತು ಕಾನೂನು

ಹಾಗಾದರೆ ತಾನಾಗಿ ಹೊರಬಿದ್ದು ತೇಲಿಬಂದ ಅಂಬರ್‌ಗ್ರಿಸ್ ಮಾರುವುದರಿಂದ ತಿಮಿಂಗಿಲಕ್ಕೆ ಏನು ಕೇಡು? ಈ ಪ್ರಶ್ನೆ ನ್ಯಾಯವಾದುದೇ. ದಡಕ್ಕೆ ಬಂದುದನ್ನು ಮಾರಲು ಬಿಡುವ ದೇಶಗಳೂ ಇವೆ. ಭಾರತದ ನಿಲುವು ಬೇರೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅಡಿ ಸ್ಪರ್ಮ್ ತಿಮಿಂಗಿಲ ರಕ್ಷಿತ ಪ್ರಾಣಿಯಾಗಿದ್ದು, ಅದರಿಂದ ಬಂದ ಪದಾರ್ಥವನ್ನು ಇಟ್ಟುಕೊಳ್ಳುವುದು, ಸಾಗಿಸುವುದು, ಕೊಳ್ಳುವುದು, ಮಾರುವುದು ಅಪರಾಧವೆಂದೇ ಪೊಲೀಸರು ಹಾಗೂ ಅರಣ್ಯ ಇಲಾಖೆ ಮೊಕದ್ದಮೆ ಹೂಡುತ್ತಾರೆ. ಕಾಯ್ದೆಯಲ್ಲಿ ಸೆರೆವಾಸದ ಶಿಕ್ಷೆ ಇದೆ. ತೇಲಿಬಂದ ಗಟ್ಟಿಗೂ ಹೊಟ್ಟೆ ಸೀಳಿ ತೆಗೆದ ಗಟ್ಟಿಗೂ ವ್ಯತ್ಯಾಸ ಹೇಳಲು ಮಾರಾಟಗಾರನ ಮಾತಿನ ಹೊರತು ಬೇರೆ ರಸೀದಿ ಇರುವುದಿಲ್ಲ. ಕಿಲೋಗೆ ಕೋಟಿ ಎಂಬ ಬೆಲೆ ಕಟ್ಟಿದ ಮೇಲೆ, ನೂರರಲ್ಲಿ ಒಂದೆರಡರ ಹೊಟ್ಟೆಯಲ್ಲಿ ಮಾತ್ರ ಇರುವ ವಸ್ತುವಿಗಾಗಿ ಎಷ್ಟನ್ನು ಕೊಲ್ಲಬೇಕಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನಿಲುವೇ ಹೆಚ್ಚು ಸಮಂಜಸವೆಂದು ಕಾಣುತ್ತದೆ.

ಇದರೊಡನೆ ವರ್ತಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ಕೋಟಿಯ ಬೆಲೆಗೆ ನಮ್ಮ ದೇಶದಲ್ಲಿ ಬಹಿರಂಗ ಮಾರುಕಟ್ಟೆ ಇಲ್ಲ, ಹರಾಜಿಲ್ಲ, ಧಾರಣೆಯಿಲ್ಲ. ವಶಪಡಿಸಿಕೊಂಡ ಸರಕಿಗೆ ಹೇಳುವ ಮೌಲ್ಯ ಬಾಯಿಮಾತಿನದು. ಮೇಣದ ಉಂಡೆಯನ್ನೇ ಅಂಬರ್‌ಗ್ರಿಸ್ ಎಂದು ತೋರಿಸಿದರೂ ಮೋಸಹೋದವನು ದೂರು ಕೊಡಲು ಠಾಣೆಗೆ ಹೋಗುವಂತಿಲ್ಲ. ಊದುಬತ್ತಿ, ಅತ್ತರು ತಯಾರಕರಿಗಂತೂ ಇದರ ಅಗತ್ಯವೇ ಉಳಿದಿಲ್ಲ. ಕ್ಲಾರಿ ಸೇಜ್ ಎಂಬ ಗಿಡದಿಂದ ದೊರೆಯುವ ಸ್ಕ್ಲಾರಿಯಾಲ್‌ನಿಂದ ಅದೇ ಪರಿಮಳದ ಅಂಬ್ರಾಕ್ಸೈಡನ್ನು ತಯಾರಿಸುವ ವಿಧಾನ 1950ರ ದಶಕದಿಂದಲೇ ಬಳಕೆಯಲ್ಲಿದೆ. ಈಗ ಸಕ್ಕರೆಯ ಹುದುಗುವಿಕೆಯಿಂದಲೂ ತಯಾರಾಗುತ್ತದೆ. ಬಿಲ್ಲಿನೊಂದಿಗೆ, ತೆರಿಗೆ ಕಟ್ಟಿ ಕೊಳ್ಳಬಹುದಾದ ಸರಕು ಅದು.

2021ರಲ್ಲಿ ಮುರುಡೇಶ್ವರದ ಬಳಿ ಮೀನುಗಾರರೊಬ್ಬರಿಗೆ ಅಂಬರ್‌ಗ್ರಿಸ್ ಗಟ್ಟಿಯೊಂದು ದೊರೆತಾಗ ಅದು ಅರಣ್ಯ ಇಲಾಖೆಯ ಕೈ ಸೇರಿತು. 2022ರ ಜುಲೈನಲ್ಲಿ ಕೇರಳದ ವಿಳಿಂಜಂ ಮೀನುಗಾರರು ಕಡಲಿನಲ್ಲಿ ಸಿಕ್ಕಿದ 28 ಕಿಲೋಗ್ರಾಮಿಗೂ ಹೆಚ್ಚಿನ ಗಟ್ಟಿಯನ್ನು ದಡಕ್ಕೆ ತಂದು ಕರಾವಳಿ ಪೊಲೀಸರಿಗೆ ಒಪ್ಪಿಸಿದರು. ಒಳನಾಡಿನಲ್ಲಿಯೂ ಇಂಥ ಸರಕು ಕಣ್ಣಿಗೆ ಬಿದ್ದರೆ, ಅಥವಾ ದಲ್ಲಾಳಿಗಳಿಂದ ಪ್ರಸ್ತಾಪ ಬಂದರೆ, ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಇಲ್ಲವೇ ಪೊಲೀಸ್ ಠಾಣೆಗೆ ತಿಳಿಸಬಹುದು.